ಬಾಣ ಅಂಟಿಸದ ತಪ್ಪು

ತಂಗಿಯ ಗಂಡ ಹಿತ್ತಲಲ್ಲಿ ಮೀನಿನ ಕೊಳ ಕಟ್ಟುತ್ತಾನಂತೆ ಎಂಬ ಸುದ್ದಿ ಕಿವಿಗೆ ಬಿದ್ದಾಗ ಬಾಣದಮ್ಮ ನಗಲಿಲ್ಲ. ಇನ್ನೊಬ್ಬರ ನಗುವಿಗೆ ಗುರಿಯಾಗುವುದಕ್ಕೂ ಒಂದು ಯೋಗ್ಯತೆ ಬೇಕು, ಅವನಿಗೆ ಅದೂ ಇಲ್ಲ ಎಂಬುದು ಅವಳ ಲೆಕ್ಕ. ಗೋಡೆಗೆ ಮೊಳೆ ಹೊಡೆಯಲು ಹೋಗಿ ಪಕ್ಕದ ಸ್ವಿಚ್‌ಬೋರ್ಡನ್ನೇ ಕಿತ್ತು ಕೈಗೆ ತಂದುಕೊಂಡಿದ್ದ ಪುಣ್ಯಾತ್ಮ ಅವನು. ಇಂಥವನು ಕಾಂಕ್ರೀಟ್ ಬ್ಲಾಕು, ಸಿಮೆಂಟು, ಕಬ್ಬಿಣದ ಸರಳು ತಂದು, ಮೇಸ್ತ್ರಿಯನ್ನೂ ಕರೆಯದೆ, ಫೋನಿನಲ್ಲಿ ವೀಡಿಯೊ ನೋಡಿಕೊಂಡು ಕೈಯಾರೆ ಕೊಳ ಕಟ್ಟುತ್ತಾನಂತೆ! ಅವಳು ಮೂಗಿನಲ್ಲೇ ಒಂದು ಸಲ "ಹುಂ" ಎಂದಳು, ಅಷ್ಟೆ. ಆ "ಹುಂ" ಎಂಥದ್ದೆಂದು ಮನೆಯವರಿಗೆ ಗೊತ್ತಿತ್ತು. ಬೈದರೆ ತಿರುಗಿ ಬೈಯಬಹುದು, ಅತ್ತರೆ ಸಮಾಧಾನ ಹೇಳಬಹುದು. ಅದಕ್ಕೆ ಮಾತ್ರ ಉತ್ತರವೇ ಇರಲಿಲ್ಲ.

ಬಾಣದಮ್ಮ ಎಂಬುದು ಅವಳ ಹೆಸರಲ್ಲ. ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಚೆಕಿಂಗ್ ಟೇಬಲ್ಲು ಅವಳ ಕೈಯಲ್ಲಿತ್ತು. ಹೊಲಿದು ಬಂದ ಅಂಗಿಯನ್ನು ಟ್ಯೂಬ್‌ಲೈಟಿನ ಕೆಳಗೆ ಹರಡಿ, ಕಾಲರಿನಿಂದ ಕೆಳ ಅಂಚಿನವರೆಗೆ ಬೆರಳಾಡಿಸಿ, ಬಿಟ್ಟುಹೋದ ಹೊಲಿಗೆಯೋ ಸೊಟ್ಟ ಜೇಬೋ ಎಣ್ಣೆಯ ಕಲೆಯೋ ಕಂಡಲ್ಲಿ ಒಂದು ಪುಟ್ಟ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುವುದು ಅವಳ ಕೆಲಸ. ಬಾಣ ಬಿದ್ದ ಅಂಗಿ ಹೊಲಿದವಳ ಮೆಷಿನ್ನಿಗೇ ವಾಪಸ್ಸು. ಹೊಲಿಯುವ ಹೆಂಗಸರು ಬೆನ್ನ ಹಿಂದೆ ಇಟ್ಟ ಹೆಸರು ಅವಳ ಕಿವಿಗೂ ಬಿದ್ದಿತ್ತು. ಅವಳು ಅದನ್ನು ಬಿರುದಿನ ಹಾಗೆ ಸ್ವೀಕರಿಸಿದ್ದಳು. ಸ್ಟಿಕ್ಕರಿನ ಸುರುಳಿ ಚೀಲದಲ್ಲಿ ಮನೆಗೂ ಬರುತ್ತಿತ್ತು. ತಂಗಿ ಒರೆಸಿದ ಕಿಟಕಿಯ ಗಾಜಿನ ಮೇಲೆ ಒಂದು, ಅವಳ ಗಂಡ ಬಣ್ಣ ಬಳಿದ ಬಾಗಿಲಿನ ಮೇಲೆ ನಾಲ್ಕಾರು. ತಪ್ಪನ್ನು ಬಾಯಲ್ಲಿ ಹೇಳಿದರೆ ಜಗಳ, ಬಾಣ ಅಂಟಿಸಿದರೆ ಸತ್ಯ ಎಂಬುದು ಅವಳ ಸಿದ್ಧಾಂತ.

ಮನೆ ಒಂದೇ, ಒಲೆ ಎರಡು. ಮುಂದಿನ ಎರಡು ಕೋಣೆ ಗಂಡ ಸತ್ತ ಬಾಣದಮ್ಮನದು, ಹಿಂದಿನದು ತಂಗಿ ಮತ್ತು ಅವಳ ಗಂಡನದು, ಹಿತ್ತಲು ಇಬ್ಬರಿಗೂ ಸೇರಿದ್ದು. ತಂಗಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುತ್ತಿದ್ದಳು. ಅವಳ ಗಂಡ ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳ ಮೂಗಿಗೆ ಫ್ರೇಮು ಏರಿಸಿ, "ನಿಮ್ಮ ಮುಖಕ್ಕೆ ಹೇಳಿ ಮಾಡಿಸಿದ ಹಾಗಿದೆ ಸಾರ್" ಅನ್ನುತ್ತಿದ್ದ. ಎಲ್ಲ ಮುಖಕ್ಕೂ ಅದೇ ಮಾತು. ಊರಿಗೆಲ್ಲ ಕಣ್ಣು ಕೊಡುವ ಇವನಿಗೆ ಎದುರಿಗಿರುವ ವಸ್ತುವೇ ಕಾಣದು ಎಂದು ಬಾಣದಮ್ಮ ತಂಗಿಗೆ ಎಷ್ಟು ಸಲ ಹೇಳಿದ್ದಳೋ. ತಂಗಿ ಮೊದಮೊದಲು ಮುನಿಸಿಕೊಳ್ಳುತ್ತಿದ್ದಳು. ಆಮೇಲಾಮೇಲೆ ಅವಳೂ ಗಂಡನ ಕಡೆ ನೋಡುವಾಗ ಒಂದು ಕ್ಷಣ ಅಕ್ಕನ ಕಣ್ಣಿನಿಂದ ನೋಡತೊಡಗಿದಳು. ಅದು ಬಾಣದಮ್ಮನಿಗೆ ಒಳಗೊಳಗೇ ಖುಷಿ ಕೊಡುತ್ತಿತ್ತು.

ಇಷ್ಟು ಜನರ ಮೇಲೆ ಬಾಣ ಬಿಟ್ಟವಳು ಒಂದೇ ಒಂದು ಜೀವದಲ್ಲಿ ಮಾತ್ರ ಯಾವ ತಪ್ಪನ್ನೂ ಕಂಡಿರಲಿಲ್ಲ. ಅದು ಅವಳ ಕೋಣೆಯ ಗಾಜಿನ ತೊಟ್ಟಿಯಲ್ಲಿದ್ದ, ಅಂದಕ್ಕೆಂದು ಸಾಕುವ ಕೋಯಿ ಜಾತಿಯ ಮೀನು. ಹೆಸರು ದೊರೆ. ಮೈಯೆಲ್ಲ ಹಾಲು ಬಿಳುಪು, ನೆತ್ತಿಯ ಮೇಲೆ ಮಾತ್ರ ಕೆಂಪು ಪೇಟದಂಥ ಮಚ್ಚೆ. ಮೀನುಮರಿ ಸಾಕುವ ಕೇಂದ್ರದಲ್ಲಿ ಕೆಲಸಕ್ಕಿದ್ದ ಅವಳ ಗಂಡ ಒಂದು ದಿನ ಬೆರಳುದ್ದದ ಮರಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ತಂದು, "ತಗೋ, ನಿನ್ನ ಬೈಗುಳ ಕೇಳೋಕೆ ಇನ್ನೊಬ್ಬ" ಅಂದಿದ್ದ. ಗಂಡ ಹೋದ, ಮೀನು ಉಳಿಯಿತು, ಬೆಳೆಯಿತು. ಈಗ ಮೊಳಕೈಯಿಂದ ಬೆರಳ ತುದಿಯವರೆಗಿನ ಉದ್ದ. ತೊಟ್ಟಿಯಲ್ಲಿ ತಿರುಗಬೇಕಾದರೆ ಬಾಲ ಒಂದು ಗಾಜಿಗೆ, ಮೂತಿ ಇನ್ನೊಂದಕ್ಕೆ ತಾಗಿ ಮೈ ಬಿಲ್ಲಿನ ಹಾಗೆ ಬಾಗುತ್ತಿತ್ತು. ಬೆನ್ನು ಒಂದಿಷ್ಟು ಡೊಂಕಾದದ್ದು ಅವಳಿಗೆ ಕಂಡಿತ್ತು. ಕೆಲಸದಿಂದ ಬಂದವಳು ತೊಟ್ಟಿಯ ಮುಂದೆ ಕುಕ್ಕರಿಸಿ, "ಏನೋ, ಇವತ್ತೂ ಹೀಗೇ ಬಿದ್ದಿದ್ಯಾ?" ಎಂದು ಮಾತಾಡಿಸುತ್ತಿದ್ದಳು. ಹೀಗೇ ಬಿಟ್ಟರೆ ದೊರೆ ಹೆಚ್ಚು ದಿನ ಬಾಳುವುದಿಲ್ಲ, ಅದಕ್ಕೆ ದೊಡ್ಡ ನೀರು ಬೇಕು. ಅದು ಅವಳಿಗೆ ಗೊತ್ತಿತ್ತು, ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಹಾಗಾಗಿ ಕನ್ನಡಕದವನು ಒಂದು ಬೆಳಗ್ಗೆ ಟೀ ಲೋಟ ಹಿಡಿದು ಅವಳ ಬಾಗಿಲಿಗೆ ಬಂದು, "ಅಕ್ಕ, ಹಿತ್ತಲಲ್ಲಿ ಒಂದು ಕೊಳ ಕಟ್ತೀನಿ. ನಮ್ಮ ದೊರೆ ಅದರಲ್ಲಿ ಆರಾಮಾಗಿ ಈಜಾಡ್ಲಿ" ಎಂದಾಗ ಬೇಡ ಎನ್ನಲು ಬಾಯಿ ಬರಲಿಲ್ಲ.

"ಕಟ್ಟಿ," ಎಂದಳು. "ಬೀಳೋವಾಗ ಮನೆ ಕಡೆ ಬೀಳದ ಹಾಗೆ ಕಟ್ಟಿ."

ಅವನು ಅದನ್ನು ಆಶೀರ್ವಾದ ಎಂದುಕೊಂಡು ನಗುತ್ತಾ ಹೋದ. ದೊರೆಗಾಗಿ ಎಂಬುದು ಬರೀ ಬೆಣ್ಣೆ ಹಚ್ಚುವ ಮಾತು ಎಂದು ಅವಳು ತೀರ್ಮಾನಿಸಿದಳು. ಅಂಗಡಿಯ ಮಾಲೀಕರನ್ನು ಮನೆಗೆ ಕರೆದು ಕೊಳ ತೋರಿಸಿ ಮೀಸೆ ತಿರುವಬೇಕು, ಅದೇ ಅವನ ಆಸೆ. ಅವನಿಗೆ ಮೀಸೆಯೂ ಇರಲಿಲ್ಲ, ಅದು ಬೇರೆ ಮಾತು.

ಕೆಲಸ ಶುರುವಾಯಿತು. ಕೊಳಕ್ಕೆ ಆರಿಸಿದ ಜಾಗದಲ್ಲಿ ಬಾಳೆಯ ಹಿಂಡು ಇತ್ತು. ಅವನು ಕತ್ತಿ ತಂದು ಒಂದೊಂದೇ ಗಿಡ ಉರುಳಿಸಿದ. ಮೂಲೆಯ ಕೊನೆಯ ಗಿಡಕ್ಕೆ ಕತ್ತಿ ಎತ್ತಿದಾಗ ಬಾಣದಮ್ಮ ಕಿಟಕಿಯಿಂದಲೇ ಕೂಗಿದಳು: "ಅದೊಂದು ಇರಲಿ!"

"ಯಾಕಕ್ಕ?" ಎಂದಳು ಬಟ್ಟೆ ಒಣಹಾಕುತ್ತಿದ್ದ ತಂಗಿ. "ಒಂಟಿ ಗಿಡ ಇಟ್ಕೊಂಡು ಏನು ಮಾಡ್ತೀಯ?"

"ಇರಲಿ ಅಂದ್ರೆ ಇರಲಿ. ಮುಂದೆ ಬೇಕಾಗುತ್ತೆ."

ಯಾಕೆ ಬೇಕಾಗುತ್ತದೆ ಎಂಬುದು ಅವಳಿಗೊಬ್ಬಳಿಗೇ ಗೊತ್ತಿತ್ತು. ಗಂಡ ಇದ್ದಾಗ ಕೇಂದ್ರದ ಹೊಸ ತೊಟ್ಟಿಗಳ ವಿಷಯ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ. ಹಸಿ ಸಿಮೆಂಟು ಸುಣ್ಣ ಕಕ್ಕುತ್ತೆ ಕಣೆ, ನೋಡೋಕೆ ನೀರು ತಿಳಿಯಾಗೇ ಇರುತ್ತೆ, ಮೀನಿಗೆ ಮಾತ್ರ ಬೆಂಕಿ. ಹೊಸ ತೊಟ್ಟಿಗೆ ನೀರು ತುಂಬಿ, ಬಾಳೆದಿಂಡು ಕೊಚ್ಚಿ ಹಾಕಿ, ಚೆನ್ನಾಗಿ ಕೊಳೆಯುವವರೆಗೆ ಬಿಡಬೇಕು. ಆ ನೀರು ಚೆಲ್ಲಿ, ತಿಕ್ಕಿ ತೊಳೆದು, ಮತ್ತೆ ತುಂಬಿ ಮತ್ತೆ ಚೆಲ್ಲಬೇಕು. ಆಮೇಲೆ ಮೊದಲು ಒಂದು ಬಡಪಾಯಿ ಮೀನು ಬಿಟ್ಟು ನೋಡಬೇಕು. ಅವಸರ ಮಾಡಿದವನ ಮೀನು ಸಂಜೆಯೊಳಗೆ ಹೊಟ್ಟೆ ಮೇಲಾಗಿ ತೇಲುತ್ತೆ.

ಇದನ್ನು ಕನ್ನಡಕದವನಿಗೆ ಹೇಳಬೇಕು ಎಂದು ಆಗ ಅವಳಿಗೆ ಅನಿಸಿತ್ತು. ಆದರೆ ಅವಸರವೇನು? ಕೊಳ ಆ ಹಂತಕ್ಕೆ ಬರಬೇಕಲ್ಲ! ಅದಕ್ಕೂ ಮೊದಲೇ ಕುಸಿಯುತ್ತದೆ ಎಂದು ಅವಳಿಗೆ ಗಟ್ಟಿ ನಂಬಿಕೆ. ಕೂಸು ಹುಟ್ಟುವ ಮುಂಚೆ ಕುಲಾವಿ ಯಾಕೆ?

ಅವನು ವೀಡಿಯೊ ನೋಡುತ್ತಿದ್ದ ರೀತಿಯೇ ಒಂದು ತಮಾಷೆ. ಮಾತು ಇಲಿಯ ಕಿಚಕಿಚದಂತೆ ಕೇಳಿಸುವಷ್ಟು ವೇಗವಾಗಿ ಓಡಿಸುವುದು, ಬೇಸರವಾದರೆ ಬೆರಳಿನಿಂದ ಮುಂದಕ್ಕೆ ತಳ್ಳುವುದು. ಅಂತೂ ಹಳ್ಳ ತೋಡಿದ. ತಳಕ್ಕೆ ಜಲ್ಲಿ ಹಾಸಿ, ಸರಳಿನ ಜಾಲರಿ ಕಟ್ಟಿ, ಕಾಂಕ್ರೀಟ್ ಸುರಿದ. ದಾರ ಎಳೆದು ಬ್ಲಾಕು ಕೂರಿಸಿದ. ಕರಣೆಯಲ್ಲಿ ಗಾರೆ ಎತ್ತಿದರೆ ಅರ್ಧ ಬ್ಲಾಕಿಗೆ, ಅರ್ಧ ಅವನ ಚಪ್ಪಲಿಗೆ. ಬಾಣದಮ್ಮ ಕಾರ್ಖಾನೆಯಿಂದ ಬಂದವಳು ಮುಖ ತೊಳೆಯುವ ಮೊದಲೇ ಹಿತ್ತಲಿಗೆ ಹೋಗಿ, ಆ ದಿನ ಎದ್ದ ಗೋಡೆಯ ಮೇಲೆ ಬೆರಳಾಡಿಸಿ ಬಾಣ ಅಂಟಿಸುತ್ತಿದ್ದಳು. ಇಲ್ಲಿ ಬ್ಲಾಕು ಹೊರಗೆ ಬಂದಿದೆ. ಇಲ್ಲಿ ಸಂದು ಅಗಲವಾಗಿದೆ. ಇಲ್ಲಿ ಗೋಡೆ ಕುಡಿದವನ ಹಾಗೆ ವಾಲಿದೆ. ಗೋಡೆಗೆ ಸಿಡುಬು ಎದ್ದ ಹಾಗೆ ಕಾಣುತ್ತಿತ್ತು.

ಬೇರೆ ಯಾರಾದರೂ ಆಗಿದ್ದರೆ ಕರಣೆಯನ್ನು ಅವಳ ಕಡೆಗೇ ಎಸೆಯುತ್ತಿದ್ದರು. ಈ ಮನುಷ್ಯನಿಗೆ ಆ ಮಾನವೂ ಇರಲಿಲ್ಲ. ಮಾರನೆಯ ದಿನ ಬಾಣ ಇದ್ದ ಜಾಗವನ್ನೆಲ್ಲ ಒಡೆದು, ಮಟ್ಟಗೋಲು ಇಟ್ಟು, ಮತ್ತೆ ಕಟ್ಟುತ್ತಿದ್ದ. "ಅಕ್ಕನ ಕಣ್ಣು ಅಂದ್ರೆ ಕಣ್ಣು. ನಮ್ಮ ಅಂಗಡಿ ಮೆಷಿನ್ ಕೂಡ ಇಷ್ಟು ಕರೆಕ್ಟಾಗಿ ಹೇಳಲ್ಲ" ಎಂದು ಹೆಂಡತಿಗೆ ಹೇಳುತ್ತಿದ್ದದ್ದು ಅವಳಿಗೆ ಕೇಳಿಸುತ್ತಿತ್ತು. ಹೊಡೆದ ಪೆಟ್ಟು ತಾಗದೇ ಇದ್ದರೆ ಹೊಡೆದವರಿಗೇ ಕೈನೋವು. ಅವಳಿಗೆ ರೇಗಿತು.

ಅವಳಿಗೆ ಇನ್ನೂ ರೇಗಿಸಿದ್ದು ಗೋಡೆ. ಅದು ಬೀಳಲಿಲ್ಲ. ಬಾಣ ಬಿದ್ದಲ್ಲೆಲ್ಲ ತಿದ್ದಿ ತಿದ್ದಿ, ಕೊನೆಗೆ ದಾರ ಹಿಡಿದ ಹಾಗೆ ನೇರವಾಗಿ ನಿಂತಿತು. ಬ್ಲಾಕಿನ ತೂತುಗಳಿಗೆಲ್ಲ ಕಾಂಕ್ರೀಟ್ ತುಂಬಿದ್ದ, ಒಳಗೆ ಎರಡು ಪದರ ಗಿಲಾವು ಮಾಡಿದ್ದ, ದಿನವೂ ಗೋಣಿಚೀಲ ಹೊದಿಸಿ ನೀರು ಕುಡಿಸಿದ್ದ. "ನೀರು ತುಂಬಿದ ದಿನ ನೋಡು, ಜರಡಿಯ ಹಾಗೆ ಸೋರುತ್ತೆ" ಎಂದಳು ತಂಗಿಗೆ. ನೀರು ತುಂಬಿದರು. ಅವಳು ಒಳಗೋಡೆಯಲ್ಲಿ ನೀರಿನ ಮಟ್ಟಕ್ಕೆ ಸರಿಯಾಗಿ ಒಂದು ಬಾಣ ಅಂಟಿಸಿ ಬಂದಳು. ಮರುದಿನ ಎದ್ದ ಕೂಡಲೇ ಹೋಗಿ ನೋಡಿದಳು. ನೀರು ಬಾಣದ ತುದಿಯಲ್ಲೇ ಇತ್ತು.

ತಂಗಿ ಹಿಂದೆ ಬಂದು ನಿಂತಿದ್ದಳು. "ಸೋರಿಲ್ಲ ಅಲ್ವಾ ಅಕ್ಕ?" ಎಂದಳು. ಆ ಮಾತಿನಲ್ಲಿ ಏನೋ ಹೊಸದಿತ್ತು. ಮದುವೆಯಾದ ಹೊಸತರಲ್ಲಿ ಗಂಡನ ಬಗ್ಗೆ ಮಾತಾಡುವಾಗ ಇದ್ದ ದನಿ, ಬಾಣದಮ್ಮ ವರ್ಷಗಟ್ಟಲೆ ಕೂತು ತೇಯ್ದು ಅಳಿಸಿದ್ದ ದನಿ. "ಅವರು ಕಟ್ಟಿದ್ದು ನಿಂತಿದೆ ನೋಡು!"

ಆವತ್ತೇ, ಆ ಕ್ಷಣದಲ್ಲೇ, ಬಾಣದಮ್ಮನ ಬಾಯಿಗೆ ಬೀಗ ಬಿತ್ತು. ಬಾಳೆದಿಂಡಿನ ವಿಷಯ ಹೇಳಬೇಕಾದ ಸಮಯ ಅದೇ ಆಗಿತ್ತು. ಹೇಳಿದರೆ ಏನಾಗುತ್ತಿತ್ತು? ಅವನು "ಅಕ್ಕ ಅಂದ್ರೆ ಅಕ್ಕ" ಎಂದು ದಿಂಡು ಕೊಚ್ಚುತ್ತಿದ್ದ, ಅದೂ ಸರಿಯಾಗುತ್ತಿತ್ತು, ಅವನು ಗೆದ್ದುಬಿಡುತ್ತಿದ್ದ. ಮೊಳೆ ಹೊಡೆಯಲು ಬಾರದವನು ಗೆಲ್ಲುವುದೆಂದರೇನು? ಅವನು ಕೊಳಕ್ಕೆಂದು ತನ್ನದೇ ಮೀನು ತರುವ ಮಾತಾಡುತ್ತಿದ್ದ. ತರಲಿ. ಮಾಲೀಕರ ಮುಂದೆ ಬಿಡಲಿ. ಅವು ತೇಲಲಿ. ತಂಗಿ ನೋಡಲಿ. ಆಮೇಲೆ ತಾನು ಹೋಗಿ ಆ ಒಂಟಿ ಬಾಳೆಯನ್ನು ಕಡಿಸಿ, ಕೊಳವನ್ನು ಕ್ರಮವಾಗಿ ಪಳಗಿಸಿ, ದೊರೆಯನ್ನು ತನ್ನ ಕೈಯಾರೆ ಬಿಟ್ಟರಾಯಿತು. ಕೊಳವೂ ಸಿಕ್ಕಿತು, ಪಾಠವೂ ಆಯಿತು. ನಾಲ್ಕು ಅಂಗಡಿ ಮೀನು ಸತ್ತರೆ ಲೋಕವೇನೂ ಮುಳುಗುವುದಿಲ್ಲ.

ಭಾನುವಾರ ಮಾಲೀಕರು ಬರುವುದೆಂದು ಗೊತ್ತಾಯಿತು. ಅದರ ಹಿಂದಿನ ಸಂಜೆ ಕನ್ನಡಕದವನು ಅವಳ ಬಾಗಿಲಲ್ಲಿ ಬಂದು ನಿಂತ. ಉಗುರಿನ ಸಂದಿಯಲ್ಲಿ ಇನ್ನೂ ಸಿಮೆಂಟು, ಬೆರಳುಗಳ ಚರ್ಮ ಸುಲಿದು ಬಿಳಿಚಿಕೊಂಡಿತ್ತು. ಸುಣ್ಣ ತಿಂದ ಕೈ. ಅದನ್ನು ನೋಡಿಯೂ ಅವನಿಗೆ ಬುದ್ಧಿ ಬಂದಿರಲಿಲ್ಲ.

"ಅಕ್ಕ, ಕೊನೇ ಸಲ ಒಂದು ನೋಡಿಬಿಡಿ. ಇನ್ನೇನಾದ್ರೂ ತಪ್ಪು ಉಳಿದಿದ್ರೆ ಬಾಣ ಹಾಕಿ. ಮೀನು ಬಿಟ್ಟ ಮೇಲೆ ಗೊತ್ತಾದ್ರೆ ಕಷ್ಟ."

ಇದಕ್ಕಿಂತ ಬಿಡಿಸಿ ಕೇಳಲು ಯಾರಿಗೂ ಸಾಧ್ಯವಿಲ್ಲ. ಬಾಣದಮ್ಮ ಎದ್ದು ಹೋಗಿ ಕೊಳದ ಸುತ್ತ ಒಂದು ಸುತ್ತು ಬಂದಳು. ನೀರಿಗೆ ಬೆರಳು ಅದ್ದಿ ಉಜ್ಜಿದಳು. ಸಾಬೂನು ನೀರಿನ ಹಾಗೆ ಜಾರಿತು. ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

"ನನ್ನನ್ನೇನು ಕೇಳ್ತೀರ?" ಎಂದಳು. "ನಿಮ್ಮ ಫೋನಿದೆಯಲ್ಲ, ಸರ್ವಜ್ಞ. ಅದನ್ನೇ ಕೇಳಿ."

"ಹಾಗಾದ್ರೆ ಏನೂ ಇಲ್ಲ ಅಂತಾಯ್ತು," ಎಂದು ಅವನು ಅರಳಿದ ಮುಖದಲ್ಲಿ ಹೆಂಡತಿಯ ಕಡೆ ತಿರುಗಿದ. "ನೋಡಿದ್ಯಾ, ಒಂದೂ ಬಾಣ ಇಲ್ಲ!"

ಭಾನುವಾರ ಮಧ್ಯಾಹ್ನದ ಮೇಲೆ ಮಾಲೀಕರು ಹೆಂಡತಿಯ ಜೊತೆ ಬಂದರು. ಹೊಟ್ಟೆ ಮುಂದೆ, ಆಮೇಲೆ ಅವರು. ಕನ್ನಡಕದವನು ಇಸ್ತ್ರಿ ಅಂಗಿ ತೊಟ್ಟು ಅತ್ತಿಂದಿತ್ತ ಓಡಾಡುತ್ತಿದ್ದ. ಬಾಣದಮ್ಮ ಬಚ್ಚಲಿನಲ್ಲಿ ಬೇಕೆಂದೇ ನಿಧಾನ ಮಾಡಿದಳು. ಮೀನು ಬಿಟ್ಟ ಕೂಡಲೇ ತೇಲುವುದಿಲ್ಲ, ಸ್ವಲ್ಪ ಹೊತ್ತು ಹಿಡಿಯುತ್ತದೆ. ಮೊದಲ ಚಪ್ಪಾಳೆಗೆ ಅವಳು ಅಲ್ಲಿರಬೇಕಾಗಿರಲಿಲ್ಲ, ಆಮೇಲಿನ ಮೌನಕ್ಕೆ ಇದ್ದರೆ ಸಾಕು. ಒಳ್ಳೆಯ ಸೀರೆ ಉಟ್ಟಳು. ತಲೆ ಬಾಚಿದಳು. ಹಿತ್ತಲಿನಿಂದ ಚಪ್ಪಾಳೆ ಕೇಳಿಸಿದಾಗ ಕನ್ನಡಿಯಲ್ಲಿ ತನಗೆ ತಾನೇ ಒಮ್ಮೆ "ಹುಂ" ಎಂದಳು.

ತೊಟ್ಟಿಯಿದ್ದ ಕೋಣೆ ದಾಟುವಾಗ ಅಭ್ಯಾಸದಂತೆ, "ಬರ್ತೀನೋ" ಎಂದು ತೊಟ್ಟಿಯ ಕಡೆ ತಿರುಗಿದಳು. ತೊಟ್ಟಿಯಲ್ಲಿ ನೀರು ಮಾತ್ರ ಇತ್ತು. ನೆಲದ ಮೇಲೆ ಬಾಗಿಲಿನವರೆಗೆ ಹನಿ ಬಿದ್ದಿತ್ತು.

ಅವಳು ಓಡಿದಳು. ಆ ವಯಸ್ಸಿನಲ್ಲಿ, ಆ ಸೀರೆಯಲ್ಲಿ ಅವಳು ಓಡಿದ್ದನ್ನು ಯಾರೂ ಅದುವರೆಗೆ ನೋಡಿರಲಿಲ್ಲ. ಕೊಳದ ಅಂಚಿನಲ್ಲಿ ಕನ್ನಡಕದವನು ಖಾಲಿ ಬಕೆಟ್ಟು ಹಿಡಿದು, ಬಹುಮಾನ ಕೊಡುವವನ ಮುಖ ಮಾಡಿಕೊಂಡು ನಿಂತಿದ್ದ.

"ಬನ್ನಿ ಅಕ್ಕ, ಬನ್ನಿ! ನಿಮಗೆ ಗೊತ್ತಾಗದ ಹಾಗೆ ತಂದೆ. ನಮ್ಮ ಮೀನುಗಳೆಲ್ಲ ಇನ್ನೂ ಕವರಲ್ಲೇ ಇವೆ. ಕಟ್ಟಿದ್ದೇ ದೊರೆಗೆ, ಅವನು ಇಳೀದೆ ಬೇರೆಯವರು ಹೇಗೆ ಇಳೀತಾರೆ?"

ದೊರೆ ಮೊದಲ ಸಲ ದೊಡ್ಡ ನೀರು ಕಂಡಿತ್ತು. ಆದರೆ ಈಜುತ್ತಿರಲಿಲ್ಲ. ಬಾಣ ಬಿಟ್ಟ ಹಾಗೆ ಒಂದು ಗೋಡೆಯಿಂದ ಇನ್ನೊಂದಕ್ಕೆ ನುಗ್ಗುತ್ತಿತ್ತು, ಗಿಲಾವಿಗೆ ಮೈ ಉಜ್ಜುತ್ತಿತ್ತು, ಮೇಲಕ್ಕೆ ಚಿಮ್ಮಿ ಬೀಳುತ್ತಿತ್ತು.

"ಖುಷಿ ನೋಡಿ ಅದಕ್ಕೆ!" ಎಂದರು ಮಾಲೀಕರು, ಮತ್ತೆ ಚಪ್ಪಾಳೆ ತಟ್ಟಿದರು.

ಬಾಣದಮ್ಮ ಉಟ್ಟ ಬಟ್ಟೆಯಲ್ಲೇ ಕೊಳಕ್ಕೆ ಧುಮುಕಿದಳು. "ಹಿಡೀರೋ! ಹೊರಗೆ ತೆಗೀರೋ! ನೀರಲ್ಲಿ ಸುಣ್ಣ ಇದೆ, ಸಾಯುತ್ತೆ! ಹೊಸಾ ಸಿಮೆಂಟಿಗೆ ಹೀಗೆ ಬಿಡ್ತಾರಾ? ಬಾಳೆದಿಂಡು ಹಾಕಿ ಕೊಳೆಸ್ಬೇಕು, ನೀರು ಚೆಲ್ಲಿ ಚೆಲ್ಲಿ ತುಂಬಬೇಕು!" ಗಂಡ ಹೇಳಿದ್ದ ಮಾತು ಒಂದಕ್ಷರ ಬಿಡದೆ ಬಾಯಿಂದ ಬಂತು. ಎದೆಮಟ್ಟದ ನೀರಿನಲ್ಲಿ ಅವಳು ತಡಕಾಡಿದಳು. ಕನ್ನಡಕದವನು ಬಕೆಟ್ಟು ಎಸೆದು ಅವಳ ಹಿಂದೆಯೇ ಹಾರಿದ. ಮೀನು ಕೊನೆಗೆ ಅವನ ಕೈಗೇ ಸಿಕ್ಕಿತು. ಇಬ್ಬರೂ ಸೇರಿ ಕೋಣೆಗೆ ಓಡಿ, ಹಳೆಯ ನೀರಿದ್ದ ಗಾಜಿನ ತೊಟ್ಟಿಗೆ ಅದನ್ನು ಇಳಿಸಿದರು.

ಮಾಲೀಕರು ಅವಸರದಲ್ಲಿ ಹೊರಟರು. ಅವರನ್ನು ಬಾಗಿಲವರೆಗೆ ಕಳಿಸಿಕೊಡುವಾಗ ಕೂಡ ಕನ್ನಡಕದವನು, "ನಮ್ಮಕ್ಕ ಸರಿಯಾದ ಟೈಮಿಗೆ ಬಂದ್ರು ಸಾರ್, ಇಲ್ಲದಿದ್ರೆ ಅಲ್ಲೇ ಹೋಗ್ತಿತ್ತು. ಅವರಿಗೆ ಗೊತ್ತಿಲ್ಲದ್ದೇ ಇಲ್ಲ" ಎನ್ನುತ್ತಿದ್ದ. ಆಮೇಲೆ ಒದ್ದೆ ಬಟ್ಟೆಯಲ್ಲೇ ಬಂದು, ತೊಟ್ಟಿಯೊಳಗೆ ಕೈಯಿಟ್ಟು, ಪಕ್ಕಕ್ಕೆ ವಾಲುತ್ತಿದ್ದ ದೊರೆಯನ್ನು ನೆಟ್ಟಗೆ ಹಿಡಿದು, ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಆಡಿಸುತ್ತಾ ಕೂತ. ಮೀನಿನ ಕಣ್ಣಿಗೆ ಬಿಳಿ ಪೊರೆ ಬಂದಿತ್ತು. ಮೈಮೇಲಿನ ಲೋಳೆ ಪದರ ಪದರವಾಗಿ ಎದ್ದು ಬರುತ್ತಿತ್ತು. ಬಾಣದಮ್ಮ ಎದುರಿಗೆ ಕೂತು ಅದರ ಕಿವಿರು ಏಳುವುದನ್ನು, ಬೀಳುವುದನ್ನು ನೋಡುತ್ತಿದ್ದಳು.

ತಂಗಿ ಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣು ಮೀನಿನ ಮೇಲಿರಲಿಲ್ಲ. ಕಿಟಕಿಯಾಚೆ, ಹಿತ್ತಲ ಮೂಲೆಯ ಒಂಟಿ ಬಾಳೆಗಿಡದ ಮೇಲಿತ್ತು.

"ಅದಕ್ಕೇನಾ ಅಕ್ಕ, ಅದೊಂದು ಇರಲಿ ಅಂದಿದ್ದು?" ಎಂದಳು ಮೆಲ್ಲಗೆ.

ಬಾಣದಮ್ಮ ತೊಟ್ಟಿಯ ಗಾಜಿಗೆ ಇನ್ನಷ್ಟು ಹತ್ತಿರ ಬಾಗಿದಳು. ಕನ್ನಡಕದವನಿಗೆ ಆ ಪ್ರಶ್ನೆ ಅರ್ಥವೂ ಆಗಲಿಲ್ಲ. ಅವನ ಗಮನವೆಲ್ಲ ಕೈಯಲ್ಲಿದ್ದ ಜೀವದ ಮೇಲಿತ್ತು.

ಬೆಳಕು ಕಂದುವ ಹೊತ್ತಿಗೆ ದೊರೆಯ ಕಿವಿರು ನಿಂತಿತು. ಅವನು ಇನ್ನೂ ಒಂದಷ್ಟು ಹೊತ್ತು ಅದನ್ನು ಆಡಿಸುತ್ತಲೇ ಇದ್ದ. ಆಮೇಲೆ ಕೈ ತೆಗೆದ. ಮೀನು ನಿಧಾನವಾಗಿ ಮಗುಚಿ, ಬಿಳಿ ಹೊಟ್ಟೆ ಮೇಲಾಗಿ ತೇಲಿತು. ಅವನು ಸುಲಿದ ಕೈಗಳಲ್ಲೇ ಮುಖ ಮುಚ್ಚಿಕೊಂಡು, ಚಿಕ್ಕ ಹುಡುಗನ ಹಾಗೆ ಬಿಕ್ಕಿದ.

"ಅಕ್ಕ, ನನ್ನಿಂದ ತಪ್ಪಾಯ್ತು. ಭಾವ ಕೊಟ್ಟ ಮೀನು ಅದು. ನನ್ನ ದಡ್ಡತನಕ್ಕೆ ಹೋಯ್ತು. ನಾನು ಕೇಳಿ ತಿಳ್ಕೋಬೇಕಿತ್ತು. ಕ್ಷಮಿಸಿ ಅಕ್ಕ."

ಕೇಳಿದ್ದ. ಅದೇ ಬಾಗಿಲಲ್ಲಿ ನಿಂತು, ಹಿಂದಿನ ಸಂಜೆ ತಾನೇ ಕೇಳಿದ್ದ. ಅದು ಅವನಿಗೆ ಮರೆತಿತ್ತು, ತಂಗಿಗೆ ಮರೆತಿರಲಿಲ್ಲ. ತಂಗಿ ಈಗ ಅಕ್ಕನನ್ನೇ ನೋಡುತ್ತಾ ಕಾಯುತ್ತಿದ್ದಳು. ಊರಿನವರ ತಪ್ಪನ್ನೆಲ್ಲ ಬೆರಳಿಟ್ಟು ತೋರಿಸಿದ ಹೆಂಗಸು ಒಂದು ಮಾತು ಹೇಳಿದರೆ ಸಾಕಿತ್ತು. ನನಗೆ ಗೊತ್ತಿತ್ತು, ನಾನು ಹೇಳಲಿಲ್ಲ, ಇಷ್ಟೆ. ಬಾಣದಮ್ಮ ಬಾಯಿ ತೆರೆದಳು. ಆ ಮಾತು ಗಂಟಲಿನವರೆಗೆ ಬಂದೇ ಬಂತು. ಆದರೆ ಇವನ ಮುಂದೆ, ಈ ಸ್ವಿಚ್‌ಬೋರ್ಡು ಕಿತ್ತವನ ಮುಂದೆ ತಲೆ ತಗ್ಗಿಸುವುದೇ?

"ಪರವಾಗಿಲ್ಲ ಬಿಡಿ," ಎಂದಳು. "ಆಗಿದ್ದಾಯ್ತು. ಇನ್ಮೇಲಾದ್ರೂ ಹುಷಾರಾಗಿರಿ."

ಅವನು ತಲೆಯಾಡಿಸಿ, ಅವಳ ಕಾಲಿಗೇ ಬೀಳುವವನ ಹಾಗೆ ಕೈಮುಗಿದ. ತಂಗಿ ಒಳಗೆ ಬಂದು ಗಂಡನ ರಟ್ಟೆ ಹಿಡಿದು ಎಬ್ಬಿಸಿದಳು. "ಏಳಿ. ಬಟ್ಟೆ ಬದಲಾಯಿಸಿ, ಶೀತ ಆಗುತ್ತೆ," ಎಂದಳು. ಅವನ ಹೆಗಲ ಮೇಲೆ ಟವೆಲು ಹೊದಿಸಿ, ಹೊಸಿಲಿನವರೆಗೆ ನಡೆಸಿಕೊಂಡು ಹೋದಳು. ಅಲ್ಲಿ ಒಂದು ಗಳಿಗೆ ನಿಂತು, ಅಕ್ಕನ ಕಡೆ ತಿರುಗಿ, ಅವಳನ್ನು ನೆತ್ತಿಯಿಂದ ಒದ್ದೆ ಸೀರೆಯ ಅಂಚಿನವರೆಗೆ, ಅಂಗಿಯೊಂದನ್ನು ಟ್ಯೂಬ್‌ಲೈಟಿನ ಕೆಳಗೆ ಹರಡಿದ ಹಾಗೆ ನೋಡಿದಳು.

"ಹುಂ," ಎಂದಳು ಮೂಗಿನಲ್ಲೇ. ಆಮೇಲೆ ನಡುವಿನ ಬಾಗಿಲು ಎಳೆದು, ಆ ಕಡೆಯಿಂದ ಚಿಲಕ ಹಾಕಿಕೊಂಡಳು.